ಬೋಣಿ ಹೊತ್ತಿನಲ್ಲಿ ಅಂದ ಹೂಂ

ಪುಸ್ತಕ ಬರೆದು, ಸ್ವಂತ ಖರ್ಚಿನಲ್ಲಿ ಪ್ರಕಟಿಸಿ, ಜಾಲತಾಣದಲ್ಲಿ ಮಾರಲು ಹೊರಟವರು ಯಾರಾದರೂ ನನ್ನ ಅಂಗಡಿಗೆ ಬಂದರೆ, ಕೂಡ್ರಿಸಿ ಚಹಾ ಕುಡಿಸಿ ಒಂದು ಮಾತು ಹೇಳುತ್ತೇನೆ. ಮುಖಪುಟವನ್ನು ಬೇಕಾದರೆ ಬೇರೆಯವರಿಂದ ಮಾಡಿಸಿ. ಕಾಗುಣಿತ ತಿದ್ದುವುದನ್ನೂ ಬೇರೆಯವರಿಗೆ ಕೊಡಿ. ಕೀವರ್ಡ್ ಖಾನೆಗಳನ್ನು ಮಾತ್ರ ನಿಮ್ಮ ಕೈಯಾರೆ ತುಂಬಿ. ಪುಸ್ತಕ ಏರಿಸುವಾಗ ಜಾಲತಾಣ ಏಳು ಖಾಲಿ ಖಾನೆ ಕೊಡುತ್ತದೆ. ಜನ ಏನಂತ ಹುಡುಕಿದರೆ ನಿಮ್ಮ ಪುಸ್ತಕ ಕಣ್ಣಿಗೆ ಬೀಳಬೇಕೋ ಆ ಮಾತುಗಳನ್ನು ಅಲ್ಲಿ ಬರೆಯಬೇಕು. ಅವು ಪುಸ್ತಕದ ಒಳಗೆ ಅಚ್ಚಾಗುವುದಿಲ್ಲ, ಮುಖಪುಟದ ಮೇಲೂ ಕಾಣುವುದಿಲ್ಲ. ಕಾಣದ್ದನ್ನು ಜನ ಸಸಾರ ಮಾಡುತ್ತಾರೆ. ನಾನೂ ಮಾಡಿದೆ. ಅದರ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಹಾಗೂ ಕಾಣುವುದಿಲ್ಲ.

ನಾನು ಓದಿದ್ದು ಹತ್ತನೆಯ ತರಗತಿಯವರೆಗೆ. ಬೆಟಗೇರಿಯ ಮಗ್ಗದ ಮನೆಗಳಿಂದ ಸೀರೆ ಎತ್ತಿ, ಗಂಟು ಕಟ್ಟಿ, ಬಸ್ಸು ಹತ್ತಿ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಅಂತ ಮನೆ ಮನೆ ತಿರುಗಿ ಮಾರಿದವಳು. ಈಗ ಬೆಟಗೇರಿಯಲ್ಲೇ ಸ್ವಂತ ಅಂಗಡಿ ಇದೆ, ಯಾರಪ್ಪನ ಗಂಟನ್ನೂ ಮುಟ್ಟದೆ ಕಟ್ಟಿದ್ದು. ಗಂಟು ಹೊತ್ತ ಆ ವರ್ಷಗಳಲ್ಲಿ ಒಂದು ವಿದ್ಯೆ ಕಲಿತೆ. ನೇಯ್ದವರು ಸೀರೆಗೆ ಏನು ಹೆಸರಿಟ್ಟಿದ್ದಾರೆ ಅನ್ನುವುದರಿಂದ ವ್ಯಾಪಾರ ಆಗುವುದಿಲ್ಲ, ಉಡುವವಳು ಏನಂತ ಕೇಳುತ್ತಾಳೆ ಅನ್ನುವುದರಿಂದ ಆಗುತ್ತದೆ. ಒಂದೇ ಬಣ್ಣದ ಸೀರೆಯನ್ನು ಶಿರಹಟ್ಟಿಯಲ್ಲಿ ‘ಹುಣಸಿಬೀಜದ ಬಣ್ಣದ್ದು’ ಅಂತ ಬಿಚ್ಚುತ್ತಿದ್ದೆ, ಮುಂಡರಗಿಯಲ್ಲಿ ‘ಹಳೇ ಬೆಲ್ಲದ ಬಣ್ಣದ್ದು’ ಅಂತ. ಎರಡೂ ಊರಲ್ಲಿ ಖಾಲಿ ಕೈಯಲ್ಲಿ ತಿರುಗಿ ಬಂದವಳಲ್ಲ. ಹಾಗಾಗಿ ಕೀವರ್ಡ್ ಅಂದರೇನು ಅಂತ ನನಗೆ ಯಾರೂ ಪಾಠ ಮಾಡಬೇಕಾಗಿರಲಿಲ್ಲ. ಅದೇ ಹೊಟ್ಟೆ ಉರಿಸುವುದು. ಗೊತ್ತಿಲ್ಲದೆ ತಪ್ಪು ಮಾಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ನಾನು ಬರೆದ ಕಾದಂಬರಿ ನನ್ನ ಅತ್ತಿಗೆಯ ಬದುಕಿನದು. ಅಣ್ಣ ತೀರಿಕೊಂಡ ಕಾಲಕ್ಕೆ ನಮ್ಮ ಮನೆಯ ಹೆಂಗಸರು ಲಾಳಿಗೆ ಇಡುವ ಕಂಡಿಕೆಗೆ ನೂಲು ಸುತ್ತಿ ಕೊಡುತ್ತಿದ್ದರೇ ಹೊರತು ಮಗ್ಗಕ್ಕೆ ಕೂರುತ್ತಿರಲಿಲ್ಲ. ಮಕ್ಕಳನ್ನು ಸಾಕಬೇಕಿತ್ತು, ಅತ್ತಿಗೆ ಕೂತಳು. ಕಲಿಸಿದವರು ಅಣ್ಣನ ಗೆಳೆಯರೊಬ್ಬರು. ನಮ್ಮ ಮಗ್ಗದ ಮನೆಯ ನೆಲದಲ್ಲಿ ಕಾಲು ಇಳಿಬಿಟ್ಟು ಕೂರುವ ಎರಡು ಕುಣಿ, ಎರಡು ಮಗ್ಗ. ಒಂದರಲ್ಲಿ ಅತ್ತಿಗೆ, ಪಕ್ಕದ್ದರಲ್ಲಿ ಅವರು. ಇಪ್ಪತ್ತು ವರ್ಷ ದಾಟಿತು. ನಾನು ಅವರನ್ನು ಕಾಕಾ ಅನ್ನುತ್ತೇನೆ, ಅತ್ತಿಗೆ ಅಣ್ಣಾವ್ರ ಅನ್ನುತ್ತಾಳೆ. ಮುಂಜಾನೆ ಬರುವರು, ಮಧ್ಯಾಹ್ನ ಉಣ್ಣಲು ತಮ್ಮ ಮನೆಗೆ ಹೋಗಿ ಬರುವರು, ಸಂಜೆ ದೀಪ ಹಚ್ಚುವ ಮೊದಲು ಎದ್ದು ಹೋಗುವರು. ಕಾಕಾ ತಮ್ಮ ಮಗ್ಗಕ್ಕೆ ಹೊಸ ಹಾಸು ಏರಿಸುವಾಗ, ಅಂದರೆ ಉದ್ದನೆಯ ಎಳೆಗಳನ್ನೆಲ್ಲ ಕಟ್ಟಿ ಬಿಗಿಯುವಾಗ, ಅತ್ತಿಗೆ ಇನ್ನೊಂದು ತುದಿ ಹಿಡಿಯುತ್ತಿದ್ದಳು. ಅವಳು ಏರಿಸುವಾಗ ಅವರು. ಓಣಿ ಮೊದಮೊದಲು ಮಾತಾಡಿತು, ಆಮೇಲೆ ದಣಿದು ಸುಮ್ಮನಾಯಿತು. ಅವರ ನಡುವೆ ಏನಿತ್ತು, ಏನಿರಲಿಲ್ಲ ಎಂದು ನಾನು ಕಾದಂಬರಿಯಲ್ಲೂ ಬರೆದಿಲ್ಲ, ಇಲ್ಲೂ ಬರೆಯುವುದಿಲ್ಲ. ನನಗೆ ಗೊತ್ತಿಲ್ಲ. ಕೇಳಿಯೂ ಇಲ್ಲ.

ಬರೆಯುತ್ತೇನೆ ಅಂದಾಗ ಅತ್ತಿಗೆ ಲಾಳಿ ನಿಲ್ಲಿಸಲಿಲ್ಲ.

“ಬರಿ. ಮುಚ್ಚಿಡೂದು ನಂದೇನೂ ಇಲ್ಲ. ಒಂದ ಮಾತು. ಅಣ್ಣಾವ್ರು ನಾಳೆ ಮಗ್ಗಕ್ಕ ಬರೂದು ತಪ್ಪಬಾರದು. ಅಷ್ಟ ನೋಡ್ಕೊಂಡು ಬರಿ.”

“ತಪ್ಪೂದಿಲ್ಲ ಅತ್ತಿಗೆವ್ವ.”

“ಅಂಗಡ್ಯಾಗ ಹೇಳೂವಂಗ ಹೇಳಬ್ಯಾಡ. ಖರೆ ಹೇಳು.”

“ಖರೇನ ಹೇಳಾಕತ್ತೀನಿ.”

ಬರೆದು ಮುಗಿಸಿ ಇಬ್ಬರನ್ನೂ ಮಗ್ಗದ ಮನೆಯಲ್ಲೇ ಕೂಡ್ರಿಸಿ ಪೂರ್ತಿ ಓದಿ ಹೇಳಿದೆ. ನಾಲ್ಕು ಮಧ್ಯಾಹ್ನ ಹಿಡಿಯಿತು. ಕೊನೆಗೆ ಕಾಕಾ ಕೇಳಿದ್ದು ಒಂದೇ ಪ್ರಶ್ನೆ.

“ನನ್ನ ಮೂಗು ಅಷ್ಟು ದೊಡ್ಡದು ಅಂತ ಬರದೀಯಲ್ಲವಾ, ಅಳತಿ ತಗೊಂಡಿದ್ದಿ ಏನು?”

“ಸಣ್ಣದ ಬರದಾಳ ಬಿಡ್ರಿ ಅಣ್ಣಾವ್ರ,” ಅಂದಳು ಅತ್ತಿಗೆ. “ನಿಮ್ಮ ಮನ್ಯಾಗ ಕನ್ನಡಿ ಇಲ್ಲ ಕಾಣಸ್ತೈತಿ.”

ಪುಸ್ತಕದಿಂದ ಯಾರಿಗೂ ಏನೂ ಆಗಲಿಲ್ಲ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ, ಯಾಕೆಂದರೆ ಈಗ ಜನ ‘ಪುಸ್ತಕ ಬರದು ಮನಿ ಕೆಡಿಸಿದ್ಲು’ ಅನ್ನುತ್ತಾರೆ. ಕೆಡಿಸಿದ್ದು ಏಳು ಖಾನೆ.

ಆ ಖಾನೆಗಳಿಗಾಗಿ ನಾನು ಮಾಡಿದ ಕೆಲಸ ಕೇಳಿ. ಹಳೆಯ ಗಿರಾಕಿಗಳ ಮನೆಗಳಿಗೆ ಮತ್ತೆ ಹೋದೆ, ಈ ಸಲ ಗಂಟಿಲ್ಲದೆ. ಲಕ್ಷ್ಮೇಶ್ವರದಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡ ಒಬ್ಬಾಕೆಗೆ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿ, ಇಂಥದ್ದು ಬೇಕೆಂದರೆ ಫೋನಿನಲ್ಲಿ ಏನಂತ ಹುಡುಕುತ್ತೀ ಅಂದೆ.

“‘ಕೈಮಗ್ಗದ ಕಾದಂಬರಿ’ ಅಂತ ಯಾರ್ ಹುಡುಕತಾರ್ರಿ ಅಕ್ಕಾ? ನಾ ಆದ್ರ ‘ಅತ್ತಿಮನ್ಯಾಗ ಗೆದ್ದಾಕಿ’ ಅಂತ ಹುಡುಕತೀನಿ.”

“ಅಕಿ ಗೆಲ್ಲೂದಿಲ್ಲಲೇ, ನೇಯತಾಳ.”

“ಹಂಗಾರ ನಾ ಓದೂದಿಲ್ಲ, ಹೋಗ್ರಿ.”

ಶಿರಹಟ್ಟಿಯಲ್ಲಿ ಶಾಲೆ ಕಲಿಸುವ ಬಾಯಾರು ‘ಸ್ತ್ರೀ ಸಂವೇದನೆಯ ಪ್ರಾದೇಶಿಕ ಕಾದಂಬರಿ’ ಅಂತ ಬರೆಸಿದರು. ಅವರ ಮಾತಿಗೆ ಬೆಲೆ ಕೊಟ್ಟು ಬರೆದುಕೊಂಡೆ, ಬಸ್ಸಿನಲ್ಲಿ ಹೊಡೆದುಹಾಕಿದೆ. ಮುಂಡರಗಿಯಲ್ಲಿ ಸಿಂಗಟಾಲೂರು ಕಡೆಯ ಒಕ್ಕಲಿಗ ಹೆಣ್ಣುಮಗಳೊಬ್ಬಳು ಯೋಚನೆಯನ್ನೂ ಮಾಡದೆ ಹೇಳಿದಳು: “ಗಂಡಿಲ್ದ ಮನಿ ನಡಿಸಿದಾಕಿ.” ಎಂಥ ಮಾತು! ಅದರ ಕೆಳಗೆ ಗೆರೆ ಎಳೆದೆ. ಹೀಗೆ ಮೂರು ಊರು ಸುತ್ತಿ ಏಳು ಮಾತು ಆರಿಸಿದ ಚೀಟಿ ನನ್ನ ಕೈಚೀಲದಲ್ಲಿತ್ತು. ಇದನ್ನು ನೀವೂ ಮಾಡಿ. ಮನೆಯಲ್ಲಿ ಕೂತು ಪದ ಹೊಸೆಯಬೇಡಿ, ಓದುವವರ ಬಾಯಿಂದ ಎತ್ತಿಕೊಳ್ಳಿ. ಪುಸ್ತಕದ ಹೆಸರಿನಲ್ಲಿ ಇರುವ ಪದವನ್ನು ಮತ್ತೆ ಖಾನೆಗೆ ತುರುಕಿ ಜಾಗ ಹಾಳು ಮಾಡಬೇಡಿ. ಬೇರೆ ಪುಸ್ತಕದ ಹೆಸರನ್ನು ಕದ್ದು ಹಾಕಬೇಡಿ.

ಜಾಲತಾಣಕ್ಕೆ ಏರಿಸುವ ಕೆಲಸ ಮಾತ್ರ ನನಗೆ ಬಾರದು. ಗದಗಿನಲ್ಲಿ ಮೊಬೈಲ್ ಅಂಗಡಿಯ ಮಾಳಿಗೆ ಮೇಲೆ ಆನ್‌ಲೈನ್ ಪ್ರಚಾರದ ಆಫೀಸು ಇಟ್ಟಿದ್ದ ಒಬ್ಬನನ್ನು ಹಿಡಿದೆ. ಹೆಂಡತಿ, ಎರಡು ಮಕ್ಕಳಿದ್ದ ಗೃಹಸ್ಥ. ಅವನು ಹೇಳಿದ ದರವನ್ನು ಜಗ್ಗಿ ಜಗ್ಗಿ ಅರ್ಧಕ್ಕೆ ತಂದೆ. ಮೆಟ್ಟಿಲಿಳಿಯುವಾಗ ನನಗೆ ನಾನೇ ಶಾಬಾಸ್ ಅಂದುಕೊಂಡೆ. ಅರ್ಧ ದರಕ್ಕೆ ಒಪ್ಪಿದ ನೇಕಾರ ಎಳೆ ಕಡಿಮೆ ಮಾಡುತ್ತಾನೆ ಅಂತ ಬಲ್ಲವಳು, ಇವನು ಏನು ಕಡಿಮೆ ಮಾಡುತ್ತಾನೆ ಅಂತ ಕೇಳಲಿಲ್ಲ. ನನ್ನ ಚೀಟಿಯನ್ನು ಅವನು ಟೇಬಲ್ಲಿನ ಮೇಲೆ ಇಟ್ಟುಕೊಂಡ. ಓದಿದನೋ ಇಲ್ಲವೋ.

ಹತ್ತು ದಿನದ ಮೇಲೆ ಮುಂಜಾನೆ ನಾನು ಅಂಗಡಿಯ ಕಸ ಹೊಡೆದು, ನೀರು ಚಿಮುಕಿಸಿ, ಊದಿನಕಡ್ಡಿ ಹಚ್ಚುವಷ್ಟರಲ್ಲಿ ಬಂದ. ಹೆಂಡತಿಗೆ ಸೀರೆ ಬೇಕಂತೆ. ನಾಲ್ಕು ಬಿಚ್ಚಿಸಿ ಒಂದು ಆರಿಸಿದ. ಹಣ ಕೊಡುವ ಮೊದಲು ಫೋನು ಮುಂದೆ ಹಿಡಿದ.

“ಅಕ್ಕಾರ, ನಿಮ್ಮ ಪುಸ್ತಕ ತಯಾರ್ ಐತಿ. ಇವು ಕೀವರ್ಡ್. ಹೂಂ ಅನ್ರಿ, ಇಲ್ಲೇ ನಿಂತು ಹಾಕಿಬಿಡ್ತೀನಿ.”

ಓದಿದೆ. ‘ವಿಧವೆ.’ ‘ವಿಧವೆಯ ಗುಟ್ಟಿನ ಪ್ರೇಮ.’ ‘ಗಂಡನ ಗೆಳೆಯ.’ ‘ಅನೈತಿಕ ಸಂಬಂಧ.’ ‘ಒಂಟಿ ಹೆಂಗಸು.’ ಉಳಿದೆರಡನ್ನು ಬರೆಯಲು ನನ್ನ ಕೈ ಬಾರದು.

ಈಗ ಬೋಣಿಯ ಮಾತು ಹೇಳಲೇಬೇಕು. ಬೋಣಿ ಅಂದರೆ ದಿನದ ಮೊದಲ ವ್ಯಾಪಾರ. ಅದರ ಹಣ ಕೈಗೆ ಬಂದು ಕಣ್ಣಿಗೊತ್ತಿಕೊಳ್ಳುವವರೆಗೆ ನಮ್ಮ ಬಾಯಲ್ಲಿ ‘ಇಲ್ಲ’, ‘ಬ್ಯಾಡ’ ಬರಕೂಡದು. ಆ ಹೊತ್ತಿನಲ್ಲಿ ಕೇಳಿದ ಸೀರೆ ಅಂಗಡಿಯಲ್ಲಿ ಇರದಿದ್ದರೆ ‘ನಾಳೆ ಬರತೈತ್ರಿ’ ಅನ್ನುತ್ತೇನೆ. ಗಂಟು ಹೊತ್ತ ಕಾಲದಿಂದ ಬಂದ ರೂಢಿ, ಒಂದು ದಿನವೂ ಮುರಿದವಳಲ್ಲ. ಸೀರೆ ಮಡಚಿ ಹಣದ ಗಲ್ಲೆಯ ಮುಂದೆ ಇತ್ತು, ಅವನ ಒಂದು ಕೈ ಜೇಬಿನಲ್ಲಿತ್ತು, ಇನ್ನೊಂದರಲ್ಲಿ ಫೋನು, ಅತ್ತಿಗೆಯ ಮೇಲೆ ಹಚ್ಚುವ ಚೀಟಿ. ಗಂಟಲಿಗೆ ಬಂದ ‘ಬ್ಯಾಡ’ವನ್ನು ನುಂಗಿದೆ.

“ಹೂಂ,” ಅಂದೆ.

ಬೋಣಿಯಾದ ಮೇಲೆ ತೆಗೆಸಿದರಾಯಿತು ಅಂದುಕೊಂಡೆ. ಅವನು ಹೋದ, ಗಿರಾಕಿ ಬಂದರು, ಸಂಜೆಯಾಯಿತು. ಮರುದಿನ ನೋಡಿದರೆ ಪುಸ್ತಕ ಮಾರಾಟವಾಗಿತ್ತು. ಅದರ ಮರುದಿನ ಇನ್ನೂ. ಇಲ್ಲಿ ನಾನು ಸುಳ್ಳು ಹೇಳಿದರೆ ಈ ಬರಹಕ್ಕೆ ಅರ್ಥವಿಲ್ಲ: ಮಾರಾಟದ ಗೀಟು ಮೇಲೇರುವುದನ್ನು ನೋಡಿ ಸುಮ್ಮನಾದೆ. ಮೂರು ವಾರ ಸುಮ್ಮನಿದ್ದೆ. ಬೋಣಿಯ ನೆಪ ಒಂದು ಮುಂಜಾನೆಗೆ ಸಾಕು, ಮೂರು ವಾರಕ್ಕೆ ಸಾಲದು.

ತಪ್ಪು ಮಾತು ಹಾಕಿ ಕರೆದರೆ ತಪ್ಪು ಓದುಗ ಬರುತ್ತಾನೆ, ಬಂದವನು ಬೈದು ಹೋಗುತ್ತಾನೆ. ಪುಸ್ತಕದ ಪುಟದಲ್ಲಿ ಐದಕ್ಕೆ ಒಂದೊಂದೇ ಚುಕ್ಕಿ, ಅಂದರೆ ಸ್ಟಾರ್, ಕೊಟ್ಟು ಬರೆಯತೊಡಗಿದರು. ‘ಮೋಸ. ಬರೀ ನೂಲು ಸುತ್ತುವುದೇ ಇದೆ.’ ‘ನೂರು ಪುಟವಾದರೂ ಇಬ್ಬರೂ ಮಗ್ಗ ಬಿಟ್ಟು ಏಳುವುದಿಲ್ಲ, ಹಣ ದಂಡ.’ ಅಂಥವರು ನೋಡಿದ ಬೇರೆ ಪುಸ್ತಕಗಳನ್ನೂ ಜಾಲತಾಣ ಕೆಳಗೆ ಸಾಲಾಗಿ ತೋರಿಸುತ್ತದೆ. ಆ ಮುಖಪುಟಗಳಲ್ಲಿ ಮೈಮೇಲೆ ನಮ್ಮ ಅಂಗಡಿಯ ಬಟ್ಟೆಯೂ ಇಲ್ಲ, ಯಾರ ಅಂಗಡಿಯದೂ ಇಲ್ಲ. ಅವುಗಳ ನಡುವೆ ಮಗ್ಗದ ಚಿತ್ರದ ನನ್ನ ಪುಸ್ತಕ.

ಅತ್ತಿಗೆ ಅಂಗಡಿಗೆ ಬಂದದ್ದು ಒಂದು ಮಧ್ಯಾಹ್ನ, ಮಗ್ಗದ ಹೊತ್ತಿನಲ್ಲಿ. ಆ ಹೊತ್ತಿನಲ್ಲಿ ಆಕೆ ಹೊರಗೆ ಕಾಲಿಟ್ಟದ್ದನ್ನು ನಾನು ನೋಡಿರಲಿಲ್ಲ. ತನ್ನ ಸೊಸೆಯ ಫೋನು ಕೈಯಲ್ಲಿತ್ತು. ಗಲ್ಲೆಯ ಮೇಲೆ ಇಟ್ಟಳು. ಆ ಪುಟವೇ ತೆರೆದಿತ್ತು.

“ಇದನ್ನ ಓದು. ಒಂದ ಚುಕ್ಕಿದು.”

ಓದಲಿಲ್ಲ. ಓದದೆಯೇ ಗೊತ್ತಿತ್ತು.

“ಏನ್ ಬೇಕಾಗಿತ್ತು ಇವರಿಗೆ ನನ್ನ ಹಂತೇಕ? ಏನ್ ಕೇಳ್ಕೊಂತ ಬಂದಿದ್ರು ಇವರು?”

“ಅತ್ತಿಗೆವ್ವ, ಅದು ಆ ಗದಗಿನಾಂವ ಹಾಕಿದ…”

“ಅಂವಗ ಹೂಂ ಅಂದಾಕಿ ಯಾರು?”

ಫೋನನ್ನು ಮಗುಚಿ ಇಟ್ಟೆ.

“ಅಣ್ಣಾವ್ರು ಇವತ್ತ ಬಂದಿಲ್ಲ,” ಅಂದಳು. “ನಿನ್ನೇನೂ ಬಂದಿಲ್ಲ.”

ಆದದ್ದು ಇಷ್ಟು. ಕಾಕಾನ ಮಗ ಬೆಟಗೇರಿಯಲ್ಲೇ ಒಂದು ವರ್ಕ್‌ಶಾಪಿನಲ್ಲಿ ಲೇಥ್ ಕೆಲಸ ಮಾಡುತ್ತಾನೆ. ಅಲ್ಲಿಯ ಚಹಾದಂಗಡಿಯಲ್ಲಿ ಯಾವನೋ ಫೋನಿನಲ್ಲಿ ಕೆಟ್ಟ ಕಥೆ ಹುಡುಕುತ್ತಿದ್ದ. ಸಾಲಿನಲ್ಲಿ ನನ್ನ ಪುಸ್ತಕವೂ ಬಂದಿದೆ. ಬೆಟಗೇರಿ ಅಂತ ಇದೆ, ಎರಡು ಮಗ್ಗ ಅಂತ ಇದೆ. “ಬಾರಲೇ, ನಿಮ್ಮಪ್ಪನೂ ಇದರಾಗ ಅದಾನು!” ಅಂತ ಎಲ್ಲರ ಮುಂದೆ ಕೂಗಿದ್ದಾನೆ. ಹುಡುಕಿದವನಿಗೆ ನಾಚಿಕೆಯಾಗಲಿಲ್ಲ, ಸಿಕ್ಕವರಿಗೆ ಆಯಿತು. ಮಗ ಮನೆಗೆ ಹೋಗಿ, ಇನ್ನು ಮೇಲೆ ಆ ಮಗ್ಗದ ಮನೆ ಹೊಸ್ತಿಲು ತುಳಿಯಬಾರದು ಅಂದ.

ಅಂಗಡಿಯ ಬಾಗಿಲು ಎಳೆದು ಆಟೋ ಹತ್ತಿ ಗದಗಿಗೆ ಹೋದೆ. ಅವನು ಕುರ್ಚಿಯಿಂದ ಅರ್ಧ ಎದ್ದು ನಗೆಮುಖ ಮಾಡಿದ.

“ಬರ್ರಿ ಅಕ್ಕಾರ, ಕುಂಡ್ರಿ. ಮಾರಾಟ ಹೆಂಗ್ ಐತಿ?”

“ನನ್ನ ಚೀಟಿ ಎಲ್ಲೈತಿ?”

“ಯಾವ ಚೀಟಿರಿ?”

“ಮೂರೂರು ತಿರುಗಿ ಬರಕೊಂಡು ಬಂದಿದ್ನೆಲ್ಲ, ಆ ಚೀಟಿ. ಅದನ್ನ ಬಿಟ್ಟು ಈ ಹೊಲಸು ಎಲ್ಲಿಂದ ತಂದಿ?”

“ಅಕ್ಕಾರ, ಜನಾ ಹುಡುಕೂದ ಇದನ್ನ. ನಮ್ಮ ಹಂತೇಕ ಪಟ್ಟಿ ತಯಾರ್ ಇರತೈತಿ, ಎಲ್ಲಾ ಲವ್ ಕಥಿಗೂ ಅದನ್ನ ಹಚ್ಚತೀವಿ. ನಡೀತೈತಿ.”

“ನನ್ನ ಅಂಗಡಿಗೂ ಜನಾ ಕೈಮಗ್ಗ ಕೇಳಾಕ ಬರತಾರ. ಹಂಗಂತ ಪಾಲಿಸ್ಟರ್ ಮ್ಯಾಲ ಕೈಮಗ್ಗದ ಚೀಟಿ ಹಚ್ಚೀನೇನು ನಾ? ನಿನ್ನ ಹೇಣ್ತಿಗೆ ಕೊಟ್ಟ ಸೀರಿ ಸುಟ್ಟು ನೋಡ್ಲೇ, ನೂಲೋ ಪ್ಲಾಸ್ಟಿಕ್ಕೋ ಗೊತ್ತಾಗತೈತಿ!”

ಅವನು ಎದುರು ಒದರಲಿಲ್ಲ. ಒದರಿದ್ದರೆ ನನಗೆ ಹಗುರಾಗುತ್ತಿತ್ತು.

“ದರ ಅರ್ಧ ಮಾಡಿದಾವ್ರು ನೀವ. ಫೋನ್ ನೋಡಿ ಹೂಂ ಅಂದಾವ್ರೂ ನೀವ,” ಅಂದು, ಪಾಸ್‌ವರ್ಡನ್ನು ಒಂದು ಹಾಳೆಯಲ್ಲಿ ಬರೆದು ಕೈಗಿಟ್ಟ.

ಅದನ್ನು ಹಿಡಿದು ನೇರ ಮಗ್ಗದ ಮನೆಗೆ ಬಂದೆ. ಅತ್ತಿಗೆ ತನ್ನ ಕುಣಿಯಲ್ಲಿದ್ದಳು. ಪಕ್ಕದ ಮಗ್ಗದಲ್ಲಿ ಕಾಕಾ ಅರ್ಧ ನೇಯ್ದು ಬಿಟ್ಟ ಸೀರೆ ಬಿಗಿದೇ ಇತ್ತು. ಕಟ್ಟೆಯ ಮೇಲೆ ಕೂತು ಅವಳ ಎದುರಿಗೇ ಏಳೂ ಖಾನೆ ಅಳಿಸಿದೆ. ನನ್ನ ಹಳೆಯ ಪಟ್ಟಿಯನ್ನು ನೆನಪಿನಿಂದ ಒಂದೊಂದಾಗಿ ಹೇಳಿದೆ. ಮುಂಡರಗಿಯ ಮಾತು ಬಂದಾಗ, ಇದಾದರೂ ಮೆಚ್ಚುತ್ತಾಳೆ ಅಂದುಕೊಂಡಿದ್ದೆ.

“‘ಗಂಡಿಲ್ದ ಮನಿ ನಡಿಸಿದಾಕಿ.’”

“ಬ್ಯಾಡ.”

“ಒಳ್ಳೆ ಮಾತು ಐತೆಲ್ಲ ಅತ್ತಿಗೆವ್ವ.”

“ಗಂಡ ಸತ್ತದ್ದು ನಾ ಮಾಡಿದ ಕೆಲಸ ಅಲ್ಲ. ನಾ ಮಾಡಿದ್ದು ಬರಿ.”

ಅವಳು ಮಾಡಿದ್ದನ್ನು ಬರೆದೆವು. ‘ಮಗ್ಗಕ್ಕೆ ಕೂತ ಹೆಂಗಸು.’ ‘ನೇಕಾರರ ಮನೆಯ ಕಥೆ.’ ‘ಬೆಟಗೇರಿ ಸೀರೆ ನೇಯುವವರು.’ ‘ದುಡಿದು ಮಕ್ಕಳ ಸಾಕಿದ ತಾಯಿ.’ ‘ಗದಗ ಕಡೆಯ ಮಾತಿನ ಕಾದಂಬರಿ.’ ‘ಗೆಳೆತನ’ ಅಂತ ಆರನೆಯದಕ್ಕೆ ಹೇಳಿದೆ, ಧ್ವನಿ ತಗ್ಗಿಸಿ.

ಅವಳು ಕಡಿದ ಎಳೆಯೊಂದನ್ನು ಗಂಟು ಹಾಕಿದಳು. “ಅವರನ್ನ ಇದರಾಗ ತರಬ್ಯಾಡ. ಉಳಿದಾವು ಖಾಲಿ ಬಿಡು,” ಅಂದಳು.

ಎರಡು ಖಾನೆ ಖಾಲಿ ಇವೆ. ಈಗಲೂ. ಖಾಲಿ ಬಿಟ್ಟರೆ ಪುಸ್ತಕಕ್ಕೆ ನಷ್ಟ ಅಂತ ಯಾರನ್ನು ಕೇಳಿದರೂ ಹೇಳುತ್ತಾರೆ, ಹೇಳಲಿ. ಬದಲಾವಣೆ ಜಾಲತಾಣದಲ್ಲಿ ಇಳಿಯಲು ಕೆಲವು ದಿನ ಹಿಡಿಯಿತು. ದಿನಾ ಮುಂಜಾನೆ ನಾನೇ ಆ ಹೊಲಸು ಮಾತುಗಳನ್ನು ಟೈಪು ಮಾಡಿ, ನಮ್ಮ ಪುಸ್ತಕ ಇನ್ನೂ ಬರುತ್ತದೆಯೋ ಅಂತ ನೋಡುತ್ತಿದ್ದೆ. ಕೊನೆಗೊಂದು ದಿನ ಬರಲಿಲ್ಲ. ಮಾರಾಟವೂ ನಿಂತಿತು. ಈಗ ಅಪರೂಪಕ್ಕೆ ಒಂದು ಹೋಗುತ್ತದೆ. ಕೊಂಡವರು ಬೈಯುವುದಿಲ್ಲ.

ಪುಸ್ತಕ ಆ ಸಾಲಿನಿಂದ ಹೊರಬಿತ್ತು ಅಂತ ಹೇಳಲು ಕಾಕಾನ ಮನೆಗೆ ಹೋದೆ. ಮಗ ಬಾಗಿಲಲ್ಲೇ ನಿಂತ.

“ತಗದ್ರಿ, ಆತು. ಚಹಾದಂಗಡ್ಯಾಗ ನಕ್ಕಾವ್ರ ಬಾಯಿಂದ ಹೆಂಗ್ ತಗೀತೀರಿ? ಅದಕ್ಕೂ ಪಾಸ್‌ವರ್ಡ್ ಐತೇನು?”

ಒಳಗಿನಿಂದ ಕಾಕಾ ಬಂದರು. ಕೆಲವೇ ದಿನಗಳಲ್ಲಿ ಮೂರು ವರ್ಷ ಮುಪ್ಪಾದಂತಿದ್ದರು.

“ನಿನ್ನ ಪುಸ್ತಕದಾಗ ತಪ್ಪಿಲ್ಲವಾ. ಆದ್ರ ಇಂವ ಊರಾಗ ಮಾರಿ ಎತ್ತಿ ಅಡ್ಡಾಡಬೇಕಲ್ಲ.” ಆಮೇಲೆ ಮಗನ ಕಡೆ ತಿರುಗಿ, “ಆ ಸೀರಿ ಅರ್ಧಾ ಐತಿ. ಬ್ಯಾರೆ ಕೈ ಬಿದ್ರ ಕೆಡತೈತಿ, ಇಬ್ಬರು ಬಡದ ಪೆಟ್ಟು ಕೂಡೂದಿಲ್ಲ. ಅದೊಂದು ಮುಗಿಸಿ ಬರತೀನಿ,” ಅಂದರು. ಕೇಳಿದ್ದಲ್ಲ, ಹೇಳಿದ್ದು.

ಬಂದರು. ನಾಲ್ಕು ದಿನ ನೇಯ್ದರು. ನಾನು ಕೊನೆಯ ದಿನ ಹೋದಾಗ ಸೆರಗು ಮುಗಿಯುತ್ತಿತ್ತು. ಎರಡೂ ಮಗ್ಗ ಬಡಿಯುತ್ತಿದ್ದವು. ಕಾಕಾ ಸೀರೆ ಕತ್ತರಿಸಿ, ಮಡಚಿ, ಅತ್ತಿಗೆಯ ಮಗ್ಗದ ಅಂಚಿಗೆ ಇಟ್ಟರು. ಕುಣಿಯಲ್ಲಿ ಬಿದ್ದ ನೂಲಿನ ಚೂರುಗಳನ್ನು ಬಳಿದು ತೆಗೆದರು. ತಮ್ಮ ಲಾಳಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡರು.

“ಲಾಳಿ ಒಯ್ಯಾಕತ್ತೀನಿ.”

“ಒಯ್ರಿ ಅಣ್ಣಾವ್ರ. ನಿಮ್ದ ಐತೆಲ್ಲ.”

“ಮುಂದ ಹಾಸು ಏರಸೂವಾಗ ಯಾರನ್ನರೆ ಕರಕೋ. ಒಬ್ಬಾಕಿ ಜಗ್ಗಬ್ಯಾಡ, ನಡಾ ಹಿಡೀತೈತಿ.”

“ಆತ್ರಿ.”

ನನ್ನ ಪಕ್ಕದಿಂದಲೇ ಹಾದು ಹೋದರು. ಅತ್ತಿಗೆ ತಲೆ ಎತ್ತಲಿಲ್ಲ, ಕೈ ಮಾತ್ರ ನಿಂತಿತು. ಏನಾದರೂ ಮಾಡಬೇಕು ಅನ್ನಿಸಿತು. ನನಗೆ ಯಾವಾಗಲೂ ಏನಾದರೂ ಮಾಡಬೇಕು ಅನ್ನಿಸುತ್ತದೆ.

“ಅತ್ತಿಗೆವ್ವ, ನಾ ಒಬ್ಬ ಒಳ್ಳೇ ನೇಕಾರನ್ನ ನೋಡತೀನಿ. ಮಗ್ಗ ಖಾಲಿ ಇರೂದು ಬ್ಯಾಡ. ನನ್ನ ಗುರ್ತಿನಾವ್ರು ಅದಾರ, ಮಾತಾಡಿ ದರಾ…”

“ನೀ ಅಂಗಡಿಗೆ ಹೋಗು,” ಅಂದಳು. “ಗಿರಾಕಿ ಬಂದಿರತಾರ.”

ಸಿಟ್ಟಿನಲ್ಲಿ ಹೇಳಲಿಲ್ಲ. ಬೈದಿದ್ದರೆ ನಿಂತು ಬೈಸಿಕೊಳ್ಳುತ್ತಿದ್ದೆ. ಚಪ್ಪಲಿ ಮೆಟ್ಟಿ ಓಣಿಗೆ ಇಳಿದೆ. ಹಿಂದೆ ಒಂದೇ ಮಗ್ಗ ಬಡಿಯಲು ಶುರುವಾಯಿತು.